ಗಿರಣಿಯವನ ಹೆಸರು ಆಸ್ಪತ್ರೆಯ ಹೆಸರಾದ ಬಗೆ: ಫಾದರ್ ಆಗಸ್ಟಸ್ ಮುಲ್ಲರ್

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಕ್ರೈಸ್ತ ಮನೆಗಳಿಗೆ ಭೇಟಿ ಕೊಟ್ಟಾಗ ದೈವಕರೆಯ ವಿಷಯ ತೆಗೆದರೆ ಸಾಕು, ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಇರುವುದು ಒಬ್ಬನೇ ಮಗ, ಅವನನ್ನೂ ಗುರುಮಠಕ್ಕೆ ಕಳುಹಿಸಿಬಿಟ್ಟರೆ ನಮ್ಮ ಮನೆತನದ ಹೆಸರು ಮುಂದುವರಿಸುವವರು ಯಾರು ಎಂದು ತಂದೆತಾಯಿ ಕೇಳುತ್ತಾರೆ. ಇದನ್ನು ಅಸಡ್ಡೆಯಿಂದ ತಳ್ಳಿಹಾಕುವಂತಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದು, ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿ, ದೇವಾಲಯ ಕಟ್ಟಿ ನೆಲೆ ನಿಂತವರ ಮಕ್ಕಳು ಇವರು. ಹಿರಿಯರಿಂದ ಬಂದ ಆಸ್ತಿಯಲ್ಲಿ ಹೆಸರೂ ಒಂದು ಎಂದು ಇವರು ತಿಳಿದಿದ್ದರೆ ಅದರಲ್ಲಿ ತಪ್ಪಿಲ್ಲ.

ಆದರೆ ಅದೇ ಮನೆಗಳಲ್ಲಿ ಯಾರಾದರೂ ಗಂಭೀರ ಕಾಯಿಲೆ ಬಿದ್ದಾಗ ಇನ್ನೊಂದು ಮನೆತನದ ಹೆಸರು ಕೇಳಿಬರುವುದುಂಟು. ಆಗುಂಬೆ ಘಾಟಿಯನ್ನೋ, ಹುಲಿಕಲ್ ಘಾಟಿಯನ್ನೋ, ಕೊಲ್ಲೂರಿನ ದಾರಿಯನ್ನೋ ಇಳಿದು ರೋಗಿಯನ್ನು ಮಂಗಳೂರಿಗೆ ಕರೆದೊಯ್ದವರು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಮುಲ್ಲರ್ಸ್‌ಗೆ ಎನ್ನುತ್ತಾರೆ. ಆ ಹೆಸರಿನ ಮನುಷ್ಯ ಮದುವೆಯಾಗಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಅವರು ಈ ನಾಡಿನವರೂ ಅಲ್ಲ. ಅವರು ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚಾಯಿತು. ಆದರೂ ಹೆಸರು ಉಳಿದಿದೆ. ಅದು ಹೇಗೆ ಉಳಿಯಿತು ಎಂಬುದನ್ನು ಅರಿತರೆ ಆ ತಂದೆತಾಯಿಯ ಪ್ರಶ್ನೆಗೆ ಬಹುಶಃ ಒಂದು ಉತ್ತರ ಸಿಗಬಹುದು.

ಮುಲ್ಲರ್ ಎಂದರೆ ಏನು?

ಮೊದಲು ಹೆಸರಿನ ಅರ್ಥ ನೋಡೋಣ. ಜರ್ಮನ್ ಭಾಷೆಯಲ್ಲಿ ಇದರ ಮೊದಲ ಸ್ವರದ ಮೇಲೆ ಎರಡು ಚುಕ್ಕೆಗಳಿವೆ. ಉ ಎನ್ನುವಂತೆ ತುಟಿಗಳನ್ನು ಗುಂಡಾಗಿಸಿ ಇ ಎಂದು ಉಚ್ಚರಿಸಿದರೆ ಆ ಸ್ವರ ಬರುತ್ತದೆ. ನಮ್ಮ ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಹಾಗಾಗಿ ಚುಕ್ಕೆಗಳು ಸಮುದ್ರದಾಚೆ ಉಳಿದು, ಹೆಸರು ಇಲ್ಲಿ ಮುಲ್ಲರ್ ಆಯಿತು. ಅರ್ಥ ಮಾತ್ರ ಬಹಳ ಸರಳ: ಗಿರಣಿ ನಡೆಸುವವನು, ಧಾನ್ಯ ಬೀಸಿಕೊಡುವವನು. ಗಿರಣಿಗೆ ಲತೀನ್ ಭಾಷೆಯಲ್ಲಿದ್ದ ಮೊಲಿನ ಎಂಬ ಪದ ಇದರ ಬೇರು. ನಾವು ರೈಸ್ ಮಿಲ್ ಎನ್ನುವಾಗ ಬಳಸುವ ಮಿಲ್ ಎಂಬ ಮಾತೂ ಅದೇ ಬೇರಿನದು. ಇಂಗ್ಲಿಷಿನ ಮಿಲ್ಲರ್, ಇಟಲಿಯ ಮೊಲಿನಾರಿ, ಹಂಗೇರಿಯ ಮೊಲ್ನಾರ್, ಹಾಲೆಂಡಿನ ಮುಲ್ದರ್ ಎಲ್ಲವೂ ಈ ಹೆಸರಿನ ಅಣ್ಣತಮ್ಮಂದಿರೇ.

ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಇದು. ಅದರ ನಂತರದ ಸಾಲಿನಲ್ಲಿ ಬರುವವರು ಶ್ಮಿತ್, ಅಂದರೆ ಕಮ್ಮಾರ. ಶ್ನೈದರ್, ಅಂದರೆ ದರ್ಜಿ. ಫಿಶರ್, ಅಂದರೆ ಮೀನುಗಾರ. ವೇಬರ್, ಅಂದರೆ ನೇಕಾರ. ಮಧ್ಯಯುಗದಲ್ಲಿ ಪಟ್ಟಣಗಳು ಬೆಳೆದು, ಒಂದೇ ಊರಿನಲ್ಲಿ ಹತ್ತಾರು ಯೋಹಾನರೂ ಪೇತ್ರರೂ ತುಂಬಿಕೊಂಡಾಗ, ಯಾವ ಯೋಹಾನ ಎಂದು ಗುರುತಿಸಲು ಕಸುಬಿನ ಹೆಸರು ಸೇರಿಸಿ ಕರೆಯುವ ರೂಢಿ ಬಂತು. ಹೆಚ್ಚುಕಡಿಮೆ ಪ್ರತಿ ಹಳ್ಳಿಯ ಹೊಳೆಯ ಬದಿಯಲ್ಲೂ ನೀರಿನಿಂದ ತಿರುಗುವ ಒಂದು ಗಿರಣಿ ಇರುತ್ತಿತ್ತು. ಹಾಗಾಗಿ ಈ ಹೆಸರೂ ಎಲ್ಲೆಡೆ ಹಬ್ಬಿತು. ಸಂಸ್ಕೃತ ಪಂಡಿತ ಮ್ಯಾಕ್ಸ್ ಮುಲ್ಲರ್ ಅವರ ಹೆಸರೂ ಇದೇ. ಹಾಗೆಂದು ಇವರಿಬ್ಬರೂ ಬಂಧುಗಳಲ್ಲ. ಮುಲ್ಲರ್ ಎಂಬುದು ಆ ದೇಶದಲ್ಲಿ ಒಂದು ವಂಶದ ಹೆಸರಲ್ಲ, ಒಂದು ಕಸುಬಿನ ಹೆಸರು.

ಆ ಕಸುಬಿಗೆ ಒಳ್ಳೆಯ ಹೆಸರಿತ್ತೇ ಎಂದರೆ, ಪೂರ್ತಿ ಇರಲಿಲ್ಲ. ಅನೇಕ ಕಡೆ ರೈತರು ಭೂಮಾಲೀಕನ ಗಿರಣಿಯಲ್ಲೇ ಧಾನ್ಯ ಬೀಸಿಸಬೇಕೆಂಬ ಕಟ್ಟಳೆಯಿತ್ತು. ಬೀಸಿದ ಕೂಲಿಗೆ ಗಿರಣಿಯವನು ಧಾನ್ಯದಲ್ಲೇ ಒಂದು ಪಾಲು ತೆಗೆದುಕೊಳ್ಳುತ್ತಿದ್ದ. ಆ ಪಾಲು ಎಷ್ಟು, ಅಳತೆ ಸರಿಯೇ ಎಂಬ ಸಂಶಯ ಜನರಿಗೆ ಯಾವಾಗಲೂ ಇತ್ತು. ಭತ್ತ ಮಿಲ್ಲಿಗೆ ಹಾಕಿಸಿ, ಅಕ್ಕಿ, ನುಚ್ಚು, ತೌಡು ಎಷ್ಟೆಷ್ಟು ಬಂತು ಎಂದು ಕಣ್ಣಿಟ್ಟು ನೋಡಿದ ಮಲೆನಾಡಿನ ರೈತರಿಗೆ ಈ ಸಂಶಯವನ್ನು ವಿವರಿಸಬೇಕಾಗಿಲ್ಲ. ಎಲ್ಲರಿಗೂ ಬೇಕಾದವನು, ಆದರೆ ಯಾರೂ ಪೂರ್ತಿ ನಂಬದವನು: ಹೆಸರು ಹುಟ್ಟಿದ ಕಾಲದಲ್ಲಿ ಗಿರಣಿಯವನ ಸ್ಥಿತಿ ಇದು.

ಹೆಸರುಗಳು ಊರು ಬಿಟ್ಟು ಊರಿಗೆ ಬರುವುದು ನಮಗೆ ಹೊಸತಲ್ಲ. ನಮ್ಮ ಧರ್ಮಕೇಂದ್ರಗಳ ಜ್ಞಾನಸ್ನಾನದ ದಾಖಲೆ ಪುಸ್ತಕ ತೆರೆದರೆ ಪೋರ್ಚುಗಲ್ಲಿನ ಕಾಡುಮೇಡೇ ಕಾಣುತ್ತದೆ. ಪಿರೇರಾ ಎಂದರೆ ಪೇರು ಹಣ್ಣಿನ ಮರ, ಕರ್ವಾಲೊ ಎಂದರೆ ಓಕ್ ಮರ, ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ, ಮಚಾದೊ ಎಂದರೆ ಕೊಡಲಿ. ಇನ್ನು ಇಲ್ಲಿಯ ನೆರೆಹೊರೆಯವರು ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಳ್ಳುತ್ತಾರೆ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ ಎಂಬ ಊರು ಕುವೆಂಪು ಎಂಬ ಹೆಸರಿನ ಮೊದಲ ಅಕ್ಷರದಲ್ಲಿ ಕುಳಿತು ನಾಡೆಲ್ಲ ತಿರುಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಹಳ್ಳಿಗಳು ಶರಾವತಿಯ ನೀರಿನಲ್ಲಿ ಮುಳುಗಿದವು. ಊರು ಹೋದರೂ ಅಲ್ಲಿಂದ ಎದ್ದು ಬಂದವರು ಆ ಊರುಗಳ ಹೆಸರನ್ನು ಬಿಡಲಿಲ್ಲ. ಹೆಸರು ಎಂದರೆ ಏನೆಂದು ಈ ತಾಲೂಕುಗಳ ಜನರು ಬಲ್ಲರು.

ಮಂಗಳೂರಿಗೆ ಬಂದ ಯೇಸುಸಭೆಯ ಗುರು

ಆಗಸ್ಟಸ್ ಮುಲ್ಲರ್ ಜನಿಸಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ. ಯೇಸುಸಭೆಯನ್ನು ಸೇರಿ ಗುರುವಾದರು. ಆದರೆ 1872ರಲ್ಲಿ ಬಿಸ್ಮಾರ್ಕ್ ಸರಕಾರವು ಕಾನೂನು ಮಾಡಿ ಯೇಸುಸಭೆಯನ್ನು ಜರ್ಮನಿಯಿಂದ ಹೊರಹಾಕಿತು. ಆ ಕಾನೂನು ಪೂರ್ತಿಯಾಗಿ ರದ್ದಾದದ್ದು 1917ರಲ್ಲಿ. ಅಂದರೆ ಮುಲ್ಲರ್ ಅವರಿಗೆ 31 ವರ್ಷವಾಗಿದ್ದಾಗ ಮುಚ್ಚಿದ ತಾಯ್ನಾಡಿನ ಬಾಗಿಲು ಅವರ ಜೀವಮಾನದಲ್ಲಿ ಯೇಸುಸಭೆಗೆ ತೆರೆಯಲೇ ಇಲ್ಲ.

ಅದೇ ಕಾಲಕ್ಕೆ ಮಂಗಳೂರಿನ ಕಥೋಲಿಕರು, ತಮ್ಮ ಮಕ್ಕಳಿಗೆ ಉನ್ನತ ಶಿಕ್ಷಣ ನೀಡಬಲ್ಲ ಯೇಸುಸಭೆಯ ಗುರುಗಳನ್ನು ಕಳುಹಿಸಿಕೊಡಬೇಕೆಂದು ರೋಮಿಗೆ ಮೊರೆಯಿಡುತ್ತಿದ್ದರು. ಈ ಸಮುದಾಯದ ಬೇರುಗಳಿಗೂ ಘಟ್ಟದ ಮೇಲಿನ ಈ ಮೂರು ತಾಲೂಕುಗಳಿಗೂ ಹಳೆಯ ನಂಟಿದೆ. ಕರಾವಳಿಯನ್ನು ಆಳಿದ ಕೆಳದಿ ಅರಸರ ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಇರುವುದು ಸಾಗರದಲ್ಲಿ, ಬಿದನೂರು ಇರುವುದು ಹೊಸನಗರದಲ್ಲಿ, ಅವರ ಕವಲೇದುರ್ಗದ ಕೋಟೆ ಇರುವುದು ತೀರ್ಥಹಳ್ಳಿಯಲ್ಲಿ. 1680ರಲ್ಲಿ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರು ಮಂಗಳೂರಿನಲ್ಲಿ ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದಾಗ ಅದಕ್ಕೆ ಭೂಮಿ ದಾನವಾಗಿ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮಾಜಿ. ಘಟ್ಟದ ಮೇಲಿನ ಹೃದಯವಂತಿಕೆ ಘಟ್ಟದ ಕೆಳಗಿನ ಕ್ರೈಸ್ತರಿಗೆ ನೆಲೆ ಕೊಟ್ಟಿತು. ಘಟ್ಟದ ಕೆಳಗಿನ ಆಸ್ಪತ್ರೆ ಇಂದು ಘಟ್ಟದ ಮೇಲಿನವರನ್ನು ಜಾತಿಮತ ಕೇಳದೆ ಬರಮಾಡಿಕೊಳ್ಳುವಾಗ ಆ ಹಳೆಯ ಋಣವೂ ನೆನಪಾಗಬೇಕು.

ಪರಮಗುರು ಹದಿಮೂರನೆಯ ಲಿಯೋ ಅವರು 1878ರಲ್ಲಿ ಮಂಗಳೂರು ಮಿಷನನ್ನು ಯೇಸುಸಭೆಯ ವೆನಿಸ್ ಪ್ರಾಂತ್ಯಕ್ಕೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಮೊದಲ ತಂಡ ಮಂಗಳೂರು ತಲುಪಿತು. ಅದರಲ್ಲಿ ಫಾದರ್ ಮುಲ್ಲರ್ ಇದ್ದರು. ಆ ವರ್ಷಗಳಲ್ಲಿ ಮಂಗಳೂರಿನಲ್ಲಿ ಸೇವೆ ಮಾಡಿದ ಇನ್ನೊಬ್ಬ ಜರ್ಮನ್ ಗುರು, 1887ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಧರ್ಮಭಗಿನಿಯರ ಸಭೆಯನ್ನು ಆರಂಭಿಸಿದ ಫಾದರ್ ಅರ್ಬನ್ ಸ್ಟೈನ್. ಸ್ಟೈನ್ ಎಂದರೆ ಜರ್ಮನ್ ಭಾಷೆಯಲ್ಲಿ ಕಲ್ಲು. ಬೀಸುವವನೂ ಕಲ್ಲೂ ಎರಡೂ ಒಂದೇ ಊರಿಗೆ ಬಂದಂತಾಯಿತು.

ಮದ್ದು ಅರೆಯುವ ಕೆಲಸ

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಫಾದರ್ ಮುಲ್ಲರ್ ಅಲ್ಲಿ ಅಧ್ಯಾಪಕರಾದರು. ಅವರು ವೈದ್ಯಕೀಯ ಓದಿದವರಲ್ಲ. ಆದರೆ ಜರ್ಮನ್ ವೈದ್ಯ ಹಾನೆಮಾನ್ ರೂಪಿಸಿದ ಹೋಮಿಯೋಪತಿ ಪದ್ಧತಿಯನ್ನು ಬಲ್ಲವರಾಗಿದ್ದರು. ಕಾಲೇಜಿನ ಹುಡುಗರಿಗೆ ಜ್ವರ ಕೆಮ್ಮು ಬಂದಾಗ ಮದ್ದು ಕೊಡಲಾರಂಭಿಸಿದರು. ಸುದ್ದಿ ಹೊರಗೆ ಹರಡಿ ಬಡವರು ಬಂದರು. ಅದೇ ವರ್ಷ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಹುಟ್ಟಿಕೊಂಡಿತು. ಆಲದ ಮರದ ಕೆಳಗೆ ಕುಳಿತು ಮದ್ದು ಹಂಚಿದ ಗುರುವಿನ ಚಿತ್ರ ಮಂಗಳೂರಿನವರ ನೆನಪಿನಲ್ಲಿ ಇಂದಿಗೂ ಇದೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಹೋಮಿಯೋಪತಿಯಲ್ಲಿ ನೀರಿನಲ್ಲಿ ಕರಗದ ಮೂಲವಸ್ತುವನ್ನು ಹಾಲಿನ ಸಕ್ಕರೆಯೊಂದಿಗೆ ಕಲ್ವದಲ್ಲಿ ಹಾಕಿ, ಅರೆದು, ಕೆರೆದು, ಮತ್ತೆ ಸಕ್ಕರೆ ಸೇರಿಸಿ, ಮತ್ತೆ ಅರೆಯುತ್ತಾರೆ. ಒಂದೊಂದು ಹಂತಕ್ಕೂ ಬಹಳ ಹೊತ್ತು ಹಿಡಿಯುವ ಕೆಲಸವದು. ಪೂರ್ವಜರು ಎಂದೋ ಗಿರಣಿಯಲ್ಲಿ ಧಾನ್ಯ ಬೀಸಿ ಪಡೆದ ಹೆಸರು, ಕಂಕನಾಡಿಯಲ್ಲಿ ಮದ್ದು ಅರೆಯುವ ಗುರುವಿನ ಹೆಸರಾಯಿತು. ಒಂದೇ ವ್ಯತ್ಯಾಸ: ಹಳೆಯ ಗಿರಣಿಯವನು ಬಡವನ ಧಾನ್ಯದಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತಿದ್ದ. ಈ ಗಿರಣಿಯವರು ಬಡವನಿಂದ ಪಾಲು ಕೇಳಲಿಲ್ಲ. ಔಷಧಾಲಯದ ಹೆಸರಿನಲ್ಲಿಯೇ ಬಡವರಿದ್ದರು. ದೂರದ ಊರುಗಳಿಗೆ ಅಂಚೆಯ ಮೂಲಕವೂ ಇಲ್ಲಿಂದ ಔಷಧಿ ಹೋಗತೊಡಗಿತು.

ಹೋಮಿಯೋಪತಿಯ ಪರಿಣಾಮದ ಬಗ್ಗೆ ಇಂದಿನ ವೈದ್ಯವಿಜ್ಞಾನಿಗಳು ಗಂಭೀರ ಪ್ರಶ್ನೆಗಳನ್ನು ಎತ್ತಿದ್ದಾರೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1880ರಲ್ಲಿ ರೋಗಾಣುಗಳನ್ನು ಕೊಲ್ಲುವ ಇಂದಿನ ಆಂಟಿಬಯೋಟಿಕ್‌ಗಳು ಯಾವ ಪದ್ಧತಿಯಲ್ಲೂ ಇರಲಿಲ್ಲ. ಬಡ ರೋಗಿಯನ್ನು ಎದುರು ಕೂರಿಸಿಕೊಂಡು ಅವನ ನೋವನ್ನು ಪೂರ್ತಿ ಕೇಳುವವರೇ ವಿರಳವಾಗಿದ್ದರು. ಫಾದರ್ ಮುಲ್ಲರ್ ಅವರ ಹಿರಿಮೆಯನ್ನು ಗುಳಿಗೆಗಳ ಮೇಲೆ ಮಾತ್ರ ಅಳೆಯಬೇಕಾಗಿಲ್ಲ. ಅವರು ಮುಂದೆ ಮಾಡಿದ ಕೆಲಸವೇ ಅದಕ್ಕೆ ಸಾಕ್ಷಿ.

ಹೆಸರು ಕಳೆದುಕೊಂಡವರಿಗೆ ಮನೆ

ಅಂದಿನ ದಿನಗಳಲ್ಲಿ ಕುಷ್ಠರೋಗಕ್ಕೆ ಔಷಧವಿರಲಿಲ್ಲ. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಅದರ ರೋಗಾಣುವನ್ನು ಕಂಡುಹಿಡಿದಿದ್ದರೂ ಗುಣಪಡಿಸುವ ದಾರಿ ಯಾರಿಗೂ ತಿಳಿದಿರಲಿಲ್ಲ. ರೋಗ ಕಾಣಿಸಿಕೊಂಡವನು ಮೊದಲು ಮನೆಯನ್ನು ಕಳೆದುಕೊಳ್ಳುತ್ತಿದ್ದ. ಆಮೇಲೆ ಊರನ್ನು, ಕೊನೆಗೆ ಹೆಸರನ್ನು. ಅವನು ಇಂಥವರ ಮಗ, ಇಂಥ ಮನೆಯವನು ಎಂದು ಹೇಳಿಕೊಳ್ಳಲು ಮನೆಯವರಿಗೇ ನಾಚಿಕೆ. ಮನೆತನದ ಹೆಸರಿಗೆ ಕಳಂಕ ಬರಬಾರದೆಂದು ಜೀವಂತ ಮನುಷ್ಯನನ್ನು ಮರೆಯುವ ಕ್ರೌರ್ಯ ಅದು. ಹೆಸರಿನ ಮೇಲಿನ ಅಭಿಮಾನಕ್ಕೆ ಇಂಥ ಕರಾಳ ಮುಖವೂ ಇದೆ ಎಂಬುದನ್ನು ನಾವು ಮರೆಯಬಾರದು.

ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಬದುಕಿ, ತಾನೂ ಅದೇ ರೋಗಕ್ಕೆ ತುತ್ತಾಗಿ ಫಾದರ್ ದಾಮಿಯನ್ ಪ್ರಾಣ ಬಿಟ್ಟದ್ದು 1889ರ ಏಪ್ರಿಲ್‌ನಲ್ಲಿ. ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿದ್ದು 2009ರಲ್ಲಿ. ಅವರು ತೀರಿಕೊಂಡ ಮರುವರ್ಷ, 1890ರಲ್ಲಿ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯವನ್ನು ತೆರೆದರು. ಅದಕ್ಕೆ ತಮ್ಮ ಹೆಸರಿಡಲಿಲ್ಲ. ಸಂತ ಜೋಸೆಫರ ಹೆಸರಿಟ್ಟರು. ತನ್ನ ರಕ್ತದಿಂದ ಹುಟ್ಟದ ಮಗುವಿಗೆ ದಾವೀದನ ಮನೆತನದ ಹೆಸರು ಕೊಟ್ಟು ಸಾಕಿದ ಬಡಗಿ ಸಂತ ಜೋಸೆಫರು. ಮನೆಯಿಂದ ಹೊರದೂಡಲ್ಪಟ್ಟವರ ಮನೆಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದಿದ್ದೀತು?

ಗುಣಪಡಿಸಲು ಆಗದ ರೋಗಿಗಳನ್ನು ಇಟ್ಟುಕೊಂಡು ಪ್ರಯೋಜನವೇನು ಎಂದು ಲೋಕ ಕೇಳಬಹುದಿತ್ತು. ಗುಣವಾಗದಿದ್ದರೂ ಮನುಷ್ಯ ಮನುಷ್ಯನೇ ಎಂಬುದು ಆ ಆಶ್ರಯ ಕೊಟ್ಟ ಉತ್ತರ. ಇಂದು ಕುಷ್ಠರೋಗ ಸಂಪೂರ್ಣ ಗುಣವಾಗುತ್ತದೆ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ಆದರೆ ರೋಗಕ್ಕೆ ಮದ್ದು ಬರುವುದಕ್ಕೆ ಎಷ್ಟೋ ಮೊದಲೇ ತಿರಸ್ಕಾರಕ್ಕೆ ಮದ್ದು ಬಂದಿತ್ತು.

ಪ್ಲೇಗಿನ ವರ್ಷಗಳು, ಕೊನೆಯ ದಿನ

1895ರಲ್ಲಿ ಔಷಧಾಲಯದ ಜೊತೆಗೆ ಸಾಮಾನ್ಯ ರೋಗಿಗಳನ್ನು ಒಳಗಿಟ್ಟುಕೊಂಡು ನೋಡುವ ಆಸ್ಪತ್ರೆಯೂ ಸೇರಿಕೊಂಡಿತು. ಮರುವರ್ಷವೇ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು ಬಂದರುಗಳ ಮೂಲಕ ದೇಶದೊಳಗೆ ಹರಡಿತು. ಜನ ಊರು ಬಿಟ್ಟು ಗದ್ದೆ ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡ ಆ ಕಾಲದ ಕಥೆಗಳನ್ನು ಮಲೆನಾಡಿನ ಅಜ್ಜಿಯರು ಬಹುಕಾಲ ಹೇಳುತ್ತಿದ್ದರು. ಪ್ಲೇಗು ಮಂಗಳೂರಿಗೂ ಬಂದಾಗ, 1902ರಲ್ಲಿ, ಫಾದರ್ ಮುಲ್ಲರ್ ಪ್ಲೇಗು ರೋಗಿಗಳಿಗಾಗಿ ಪ್ರತ್ಯೇಕ ಆಸ್ಪತ್ರೆ ತೆರೆದರು. ಆಗ ಅವರಿಗೆ 61 ವರ್ಷ. ಎಲ್ಲರೂ ಓಡಿಹೋಗುವ ರೋಗಿಯನ್ನು ಒಳಗೆ ಕರೆಯುವುದು ಅವರಿಗೆ ಅಷ್ಟರಲ್ಲಿ ಅಭ್ಯಾಸವಾಗಿಬಿಟ್ಟಿತ್ತು.

1907ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಕೈಸರ್ ಎ ಹಿಂದ್ ಪದಕವನ್ನು ನೀಡಿತು. ತಾಯ್ನಾಡಿನ ಸರಕಾರ ಬೇಡವೆಂದ ಸಭೆಯ ಗುರುವನ್ನು ಪರರಾಜ್ಯ ಗೌರವಿಸಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ದೇವರ ಪಾದ ಸೇರಿದರು. ಆಗ ಅವರ ವಯಸ್ಸು 69. ಅದರಲ್ಲಿ ಸುಮಾರು 32 ವರ್ಷ ಮಂಗಳೂರಿನಲ್ಲೇ ಕಳೆದಿತ್ತು. ಹೆಸರಿಲ್ಲದ ಕೋಟ್ಯಂತರ ಸಂತರನ್ನು ಧರ್ಮಸಭೆ ಒಟ್ಟಾಗಿ ನೆನೆಯುವ ದಿನವದು. ಹೆಸರು ಕಳೆದುಕೊಂಡವರ ಗೆಳೆಯನಿಗೆ ಅದಕ್ಕಿಂತ ತಕ್ಕ ದಿನ ಬೇರೆ ಇರಲಾರದು.

ಅವರ ನಂತರ ಕೆಲಸ ನಿಲ್ಲಲಿಲ್ಲ. ಸಂಸ್ಥೆಯ ಹೊಣೆ ಮುಂದೆ ಮಂಗಳೂರು ಧರ್ಮಪ್ರಾಂತ್ಯಕ್ಕೆ ಬಂತು. 1985ರಲ್ಲಿ ಹೋಮಿಯೋಪತಿ ವೈದ್ಯಕೀಯ ಕಾಲೇಜು, 1999ರಲ್ಲಿ ಎಂಬಿಬಿಎಸ್ ಕಲಿಸುವ ವೈದ್ಯಕೀಯ ಕಾಲೇಜು ಆರಂಭವಾದವು. ಕಲ್ವದಲ್ಲಿ ಆರಂಭವಾದ ಕೆಲಸ ಶಸ್ತ್ರಚಿಕಿತ್ಸೆಯ ಕೊಠಡಿಗಳವರೆಗೆ ಬೆಳೆಯಿತು. ಘಟ್ಟದ ಮೇಲಿನ ನಮ್ಮ ಊರುಗಳ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅಲ್ಲಿ ದಾದಿಯರಾಗಿ, ವೈದ್ಯರಾಗಿ ಕಲಿತಿದ್ದಾರೆ.

ಹೆಸರು ಯಾರದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜರ್ಮನಿಯಲ್ಲಿ ಮುಲ್ಲರ್ ಎಂದು ಕರೆದರೆ ಲಕ್ಷಾಂತರ ಜನ ತಿರುಗಿ ನೋಡಿಯಾರು. ಅದು ಅಷ್ಟು ಸಾಮಾನ್ಯ ಹೆಸರು. ನಮ್ಮ ಕರಾವಳಿಯಲ್ಲಿ ಆ ಹೆಸರಿನ ಮನೆತನವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಮಧ್ಯರಾತ್ರಿಯಲ್ಲಿ ಹೆರಿಗೆ ನೋವಿನ ಮಗಳನ್ನೋ, ಎದೆನೋವಿನ ತಂದೆಯನ್ನೋ ಕಾರಿನಲ್ಲಿ ಮಲಗಿಸಿಕೊಂಡು ಘಾಟಿಯ ತಿರುವುಗಳನ್ನು ಇಳಿಯುವವರಿಗೆ ಆ ಹೆಸರು ಒಂದು ಭರವಸೆ. ಅಲ್ಲಿ ಅದು ಕಸುಬಿನ ಹೆಸರು. ಇಲ್ಲಿ ಅದು ಆಸರೆಯ ಹೆಸರು. ಈ ಬದಲಾವಣೆಯನ್ನು ಮಾಡಿದ್ದು ರಕ್ತಸಂಬಂಧವಲ್ಲ. ಭೂಮಿಗೆ ಬಿದ್ದು ಸಾಯುವ ಗೋಧಿಯ ಕಾಳಿನ ಬಗ್ಗೆ ಪ್ರಭು ಯೇಸು ಹೇಳಿದ್ದನ್ನು ನಾವೆಲ್ಲ ಬಲ್ಲೆವು. ಗಿರಣಿಯವನ ಹೆಸರು ಹೊತ್ತ ಈ ಗುರು ಆ ಕಾಳು ತಾನೇ ಆದರು.

ಒಬ್ಬನೇ ಮಗನನ್ನು ಗುರುಮಠಕ್ಕೆ ಕೊಡುವುದು ಸುಲಭದ ತ್ಯಾಗವೆಂದು ನಾನು ಹೇಳಲಾರೆ. ನಾನು ಗುರುಮಠಕ್ಕೆ ಹೊರಟ ದಿನ ನಮ್ಮ ಮನೆಯ ಅಂಗಳದಲ್ಲಿ ಕಣ್ಣೀರಿತ್ತು. ಒತ್ತಾಯದಿಂದ ಯಾವ ಮಗನೂ ಗುರುವಾಗಬಾರದು, ಯಾವ ತಾಯಿಯೂ ಭಯದಿಂದ ಹೂಂ ಎನ್ನಬಾರದು. ಆದರೆ ಮನೆತನದ ಹೆಸರು ನಿಲ್ಲುತ್ತದೆಂಬ ಒಂದೇ ಕಾರಣಕ್ಕೆ ಮಗನ ಮನಸ್ಸಿನ ಕರೆಯನ್ನು ತಡೆಯುವ ಮೊದಲು, ಮಕ್ಕಳಿಲ್ಲದ ಈ ಮನುಷ್ಯನ ಹೆಸರು ನಮ್ಮದೇ ಬಾಯಲ್ಲಿ ಹೇಗೆ ಬದುಕಿದೆ ಎಂದು ಒಮ್ಮೆ ಯೋಚಿಸಬೇಕು.

ನಮ್ಮ ಸಂಸ್ಥೆಗಳಲ್ಲಿ ದುಡಿಯುವ ಗುರುಗಳಿಗೆ, ಧರ್ಮಭಗಿನಿಯರಿಗೆ, ನೌಕರರಿಗೆ ಇದರಲ್ಲಿ ಇನ್ನೂ ಒಂದು ಪಾಠವಿದೆ. ಶಾಲೆಗೋ ಆಸ್ಪತ್ರೆಗೋ ಹಿರಿಯರ ಹೆಸರಿನ ಫಲಕ ಹಾಕುವುದು ಒಂದು ದಿನದ ಕೆಲಸ. ಆ ಹೆಸರಿಗೆ ತಕ್ಕಂತೆ ನಡೆಯುವುದು ಪ್ರತಿದಿನದ ಕೆಲಸ. ಹಳೆಯ ಗಿರಣಿಯ ಮುಂದೆ ಚೀಲ ಹಿಡಿದು ನಿಂತ ರೈತನಿಗಿದ್ದ ಸಂಶಯ, ಇಂದು ಯಾವುದೇ ಸಂಸ್ಥೆಯ ಹಣ ಕಟ್ಟುವ ಕಿಟಕಿಯ ಮುಂದೆ ನಿಂತ ಬಡವನ ಮುಖದಲ್ಲಿ ಕಾಣಿಸಿದರೆ ನಾವು ಎಚ್ಚೆತ್ತುಕೊಳ್ಳಬೇಕು. ನಾವು ಅವನ ಧಾನ್ಯ ಬೀಸಿಕೊಡುತ್ತಿದ್ದೇವೆಯೇ, ಅವನ ಪಾಲನ್ನು ಕಸಿಯುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ನವೆಂಬರ್ 1ರಂದು ಸಕಲ ಸಂತರ ಬಲಿಪೂಜೆಗೆ ಹೋದಾಗ, ಪ್ರಿಯ ಓದುಗರೇ, ಒಂದು ಕ್ಷಣ ಫಾದರ್ ಆಗಸ್ಟಸ್ ಮುಲ್ಲರ್ ಅವರನ್ನು ನೆನೆಯಿರಿ. ನಿಮ್ಮ ಮನೆಯಲ್ಲಿ ಆ ಆಸ್ಪತ್ರೆಯಿಂದ ಗುಣವಾಗಿ ಬಂದವರಿದ್ದರೆ ಅವರ ಕೈಯಿಂದಲೇ ಒಂದು ಮೇಣದಬತ್ತಿ ಹಚ್ಚಿಸಿರಿ. ನಿಮ್ಮ ಮಗನೋ ಮಗಳೋ ದೇವರ ಕರೆಯ ಬಗ್ಗೆ ಮೆಲ್ಲಗೆ ಮಾತೆತ್ತಿದರೆ, ಉತ್ತರ ಕೊಡುವ ಮೊದಲು ಕೂರಿಸಿಕೊಂಡು ಈ ಗಿರಣಿಯವನ ಕಥೆ ಹೇಳಿರಿ.